ಸೇನಾಧಿಕಾರಿಯ ಕೇಪಿನ ಜೋಡಿ ಪಿಸ್ತೂಲು: ಪರೀಕ್ಷೆ, ಬಿಚ್ಚುವ ಕ್ರಮ, ಆರೈಕೆ

ಜೋಡಿ ಪಿಸ್ತೂಲಿನ ಪೆಟ್ಟಿಗೆ ತೆರೆದವರ ಬೆರಳು ನೇರ ಟ್ರಿಗರ್‌ಗೆ ಹೋಗುತ್ತದೆ. ಹೋಗಬಾರದು. ನಳಿಗೆಯೊಳಗೆ ಈಡು (ಜಡಿದ ಮದ್ದು, ಗುಂಡು) ಉಳಿದಿದೆಯೇ ಎಂದು ಅಳೆದು ನೋಡುವುದು ಮೊದಲ ಕೆಲಸ. ಒಣಗಿರುವ ಕರಿಮದ್ದು ನೂರೈವತ್ತು ವರ್ಷ ಕಳೆದರೂ ಹೊತ್ತಿಕೊಳ್ಳುತ್ತದೆ. ನಳಿಗೆಯ ಹಿಂಬದಿಯ ತೂತಿನ ಮೊಳೆ, ಅಂದರೆ ನಿಪ್ಪಲ್ ಮೇಲೆ ಕೇಪು (ಬಡಿದರೆ ಸಿಡಿಯುವ ಮದ್ದಿನ ಪುಟ್ಟ ತಾಮ್ರದ ಟೋಪಿ) ಕೂತಿದ್ದರೆ, ಅದನ್ನು ಬಡಿಯುವ ಹ್ಯಾಮರನ್ನು ಮುಟ್ಟದೆ ಅಲ್ಲಿಗೇ ನಿಲ್ಲಿಸಿ, ಬಂದೂಕಿನ ಕಸಬು ಬಲ್ಲವರನ್ನು ಕರೆಯಿರಿ. ಕೇಪು ಇಲ್ಲದಿದ್ದರೆ ಬಾಯಿಯನ್ನು ಯಾರ ಕಡೆಗೂ ತಿರುಗಿಸದೆ, ತೆಳ್ಳಗಿನ ಮರದ ಕಡ್ಡಿಯನ್ನು ತಳ ತಾಗುವವರೆಗೆ ಇಳಿಸಿ, ಬಾಯಿಯ ಅಂಚಿಗೆ ಸರಿಯಾಗಿ ಪೆನ್ಸಿಲ್ ಗೆರೆ ಹಾಕಿ. ಅದೇ ಕಡ್ಡಿಯನ್ನು ನಳಿಗೆಯ ಹೊರಗೆ ಹಿಡಿದರೆ ತುದಿ ನಿಪ್ಪಲ್ ಬುಡದ ಹತ್ತಿರ ಬರಬೇಕು. ಎರಡು ಸೆಂಟಿಮೀಟರ್ ಅಥವಾ ಇನ್ನೂ ಹೆಚ್ಚು ಮುಂದೆಯೇ ನಿಂತರೆ ಒಳಗೆ ಈಡಿದೆ ಎಂದೇ ತಿಳಿಯಿರಿ. ಅದನ್ನು ತೆಗೆಯುವ ಕೆಲಸವೂ ಕಸಬುದಾರರದೇ. ಎರಡನೆಯ ಪಿಸ್ತೂಲನ್ನೂ ಹೀಗೇ ಅಳೆಯಿರಿ. ಒಂದು ಖಾಲಿ ಎಂದರೆ ಎರಡೂ ಖಾಲಿ ಎಂದಲ್ಲ. ಡಬ್ಬಿಯಲ್ಲಿ ಉಳಿದ ಹಳೆಯ ಕೇಪುಗಳೂ ಬಡಿತಕ್ಕೆ ಸಿಡಿಯುತ್ತವೆ.

ಕಾಲ ಗುರುತಿಸುವುದು ಅಷ್ಟು ಕಷ್ಟವಲ್ಲ. ಬಡಿದರೆ ಸಿಡಿಯುವ ಮದ್ದಿನಿಂದ ಈಡು ಹೊತ್ತಿಸುವ ಉಪಾಯಕ್ಕೆ ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಜಾನ್ ಫಾರ್ಸಿತ್ 1807ರಲ್ಲಿ ಪೇಟೆಂಟ್ ಪಡೆದ. ತಾಮ್ರದ ಕೇಪು ರೂಢಿಗೆ ಬಂದದ್ದು 1820ರ ದಶಕದಲ್ಲಿ. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಕೋಲ್ಟ್ ಮತ್ತು ಆಡಮ್ಸ್ ರಿವಾಲ್ವರ್‌ಗಳನ್ನು ಜನ ನೋಡಿದ ಮೇಲೆ ಒಂಟಿ ಈಡಿನ ಪಿಸ್ತೂಲು ಹಿಂದೆ ಸರಿಯಿತು. ಬ್ರಿಟಿಷ್ ಸೇನೆಯ ಅಧಿಕಾರಿಗಳು ಸ್ವಂತ ಹಣದಿಂದ ಕೊಂಡ ಜೋಡಿಗಳು ಹೆಚ್ಚಾಗಿ ಈ ನಡುವಿನವು. ಪೆಟ್ಟಿಗೆಯಲ್ಲಿ ಎರಡು ಪಿಸ್ತೂಲು ಕಂಡರೆ ಸಾಕು, ಮಾರುವವರು ‘ದ್ವಂದ್ವಯುದ್ಧದ್ದು’ ಎಂದು ಬೆಲೆ ಏರಿಸುತ್ತಾರೆ. ನಳಿಗೆ ಗಿಡ್ಡ, ರಂಧ್ರ ದಪ್ಪ, ಗಜ (ಈಡು ಜಡಿಯುವ ಕೋಲು) ಬಾಯಿಯ ಕೆಳಗೆ ಕೀಲಿನಿಂದ ಜೋಡಿಸಿದ್ದು, ಅಂದರೆ ಕುದುರೆಯ ಮೇಲೆ ಈಡು ಜಡಿಯುವಾಗಲೂ ಕೈ ಜಾರಿ ಬೀಳದ್ದು: ಇಷ್ಟಿದ್ದರೆ ಅದು ಅಧಿಕಾರಿಯ ಪಿಸ್ತೂಲು.

ಹಿಡಿಯ ಮೇಲಿನ ಬೆಳ್ಳಿ ತಗಡಿನಲ್ಲಿ ಹೆಸರಿನ ಮೊದಲಕ್ಷರಗಳು ಮಾತ್ರ ಇದ್ದರೆ ಏನೂ ಸಾಬೀತಾಗದು. ರೆಜಿಮೆಂಟ್ ಸಂಖ್ಯೆಯೋ ವಂಶಲಾಂಛನವೋ ಜೊತೆಗಿದ್ದರೆ, 1839ರಿಂದ ಪ್ರಕಟವಾದ ಸೇನಾಧಿಕಾರಿಗಳ ಪಟ್ಟಿ ಹಾರ್ಟ್ ಆರ್ಮಿ ಲಿಸ್ಟ್‌ನಲ್ಲಿ ಹುಡುಕಲು ದಾರಿಯಾಗುತ್ತದೆ. ತಗಡು ಸವೆದು ನುಣುಪಾಗಿದ್ದು ಅಕ್ಷರಗಳ ಅಂಚು ಮಾತ್ರ ಚೂಪಾಗಿದ್ದರೆ ಆ ಕೆತ್ತನೆ ಆಮೇಲಿನದು.

ಇವು ನಿಜವಾದ ಜೋಡಿಯೇ ಎಂಬುದರ ಮೇಲೆ ಬೆಲೆಯೆಲ್ಲ ನಿಂತಿದೆ. ನಳಿಗೆ ಅಥವಾ ಅದರ ಹಿಂದಿನ ಪಟ್ಟಿಯ ಮೇಲೆ 1, 2 ಎಂಬ ಅಂಕಿಗಳಿವೆಯೇ ನೋಡಿ. ನಳಿಗೆಯ ತಳದ ಪ್ರೂಫ್ ಮುದ್ರೆಗಳು (ನಳಿಗೆಯ ಬಲ ಪರೀಕ್ಷಿಸಿ ಒತ್ತಿದ ಗುರುತುಗಳು) ಎರಡರಲ್ಲೂ ಒಂದೇ ಆಗಿರಬೇಕು. ಕಿರೀಟದ ಕೆಳಗೆ ಜಿ.ಪಿ. ಅಕ್ಷರಗಳಿದ್ದರೆ ಲಂಡನ್, ಕತ್ತರಿಯಾಕಾರದ ರಾಜದಂಡಗಳಿದ್ದರೆ 1813ರಲ್ಲಿ ಸ್ಥಾಪನೆಯಾದ ಬರ್ಮಿಂಗ್‌ಹ್ಯಾಮ್ ಪ್ರೂಫ್ ಹೌಸ್. ಮೇಲೆ ಲಂಡನ್ ವಿಳಾಸ, ಕೆಳಗೆ ಬರ್ಮಿಂಗ್‌ಹ್ಯಾಮ್ ಮುದ್ರೆ ಕಂಡರೆ ಗಾಬರಿ ಬೇಡ. ಬರ್ಮಿಂಗ್‌ಹ್ಯಾಮ್‌ನಲ್ಲಿ ಮಾಡಿಸಿ ಲಂಡನ್ನಿನಲ್ಲಿ ಮಾರುವುದು ಆಗ ಮಾಮೂಲು. ಗುಂಡಿನ ಅಚ್ಚನ್ನೂ ಪರೀಕ್ಷಿಸಿ. ಬೋರ್ ಎಂದರೆ ಒಂದು ಪೌಂಡ್ ಸೀಸದಿಂದ ಆಗುವ ಗುಂಡುಗಳ ಲೆಕ್ಕ. 20 ಬೋರ್ ಸುಮಾರು 15.6 ಮಿ.ಮೀ. ಗುಂಡಿಗೆ ಬಟ್ಟೆ ಸುತ್ತಿ ಜಡಿಯುವುದರಿಂದ ಅಚ್ಚಿನ ಗುಂಡು ರಂಧ್ರಕ್ಕಿಂತ ಕೂದಲೆಳೆಯಷ್ಟು ಚಿಕ್ಕದಿರಬೇಕು. ದೊಡ್ಡದಿದ್ದರೆ ಅಚ್ಚು ಬೇರೆ ಪೆಟ್ಟಿಗೆಯಿಂದ ಬಂದದ್ದು. ಸುಳ್ಳು ಹೇಳದ ಸಾಕ್ಷಿ ಒಳಗಿನ ಹಸಿರು ಉಣ್ಣೆಬಟ್ಟೆ: ಹ್ಯಾಮರ್ ಒತ್ತಿದ ಗುಳಿ, ಎಣ್ಣೆಯ ಕಲೆ, ಬಣ್ಣ ಮಾಸದ ನೆರಳು ಈ ಪಿಸ್ತೂಲಿನ ಆಕಾರಕ್ಕೇ ಹೊಂದಬೇಕು. ಆದ್ದರಿಂದ ಹರಿದರೂ ಆ ಬಟ್ಟೆಯನ್ನು ಬದಲಿಸಬೇಡಿ.

ಬಿಚ್ಚುವಾಗ ಒಮ್ಮೆಗೆ ಒಂದೇ ಪಿಸ್ತೂಲು. ಕೈಯಿಂದ ಅರೆದು ಕೂಡಿಸಿದ ಭಾಗಗಳಾದ್ದರಿಂದ ಒಂದರ ಸ್ಕ್ರೂ ಇನ್ನೊಂದಕ್ಕೆ ಕೂರುವುದಿಲ್ಲ. ಈ ಸ್ಕ್ರೂಗಳ ಸೀಳು ಬಹಳ ಕಿರಿದು. ಅಂಗಡಿಯ ಸ್ಕ್ರೂಡ್ರೈವರ್ ಹಾಕಿದರೆ ಜಾರಿ ಕೆತ್ತನೆಯನ್ನು ಗೀರುತ್ತದೆ. ತುದಿಯನ್ನು ಸೀಳಿನ ಅಗಲಕ್ಕೆ ಸರಿಯಾಗಿ ಉಜ್ಜಿಕೊಂಡೇ ಶುರುಮಾಡಿ. ಹ್ಯಾಮರನ್ನು ಅರ್ಧ ಏರಿಸಿ, ಲಾಕಿನ (ಹ್ಯಾಮರನ್ನು ನಡೆಸುವ ಯಂತ್ರದ) ಸ್ಕ್ರೂವನ್ನು ಎರಡು ಮೂರು ಸುತ್ತು ಸಡಿಲಿಸಿ, ಅದರ ತಲೆಗೆ ಮರದ ಹಿಡಿಯಿಂದ ಮೆಲ್ಲಗೆ ತಟ್ಟಿದರೆ ಎದುರು ಬದಿಯಲ್ಲಿ ಲಾಕ್ ತಾನಾಗಿ ಮೇಲೇಳುತ್ತದೆ. ಚಾಕು ತೂರಿಸಿ ಎಬ್ಬಿದರೆ ಮರದ ಅಂಚು ಸಿಗಿಯುತ್ತದೆ. ನಳಿಗೆಯನ್ನು ಹಿಡಿದಿರುವ ಅಡ್ಡ ಬೆಣೆಯನ್ನು ಮರದ ಕಡ್ಡಿಯಿಂದ ದೂಡಿ, ಬಾಯಿಯ ಕಡೆಯಿಂದ ಎತ್ತಿದರೆ ಹಿಂದಿನ ಕೊಕ್ಕೆ ಬಿಡಿಸಿಕೊಳ್ಳುತ್ತದೆ. ನಿಪ್ಪಲ್ ಬಿಗಿದಿದ್ದರೆ ಬುಡಕ್ಕೆ ತುಕ್ಕು ಸಡಿಲಿಸುವ ಎಣ್ಣೆ ಬಿಟ್ಟು ಕೆಲವು ದಿನ ಕಾಯಿರಿ; ಅವಸರಪಟ್ಟರೆ ಅದು ಎಳೆಯಲ್ಲೇ ಮುರಿದು ಉಳಿಯುತ್ತದೆ. ಖಾಲಿ ನಿಪ್ಪಲ್ ಮೇಲೆ ಹ್ಯಾಮರ್ ಬೀಳಿಸಿ ‘ಸದ್ದು ನೋಡುವ’ ಚಪಲ ಅದರ ಬಾಯನ್ನು ಚಪ್ಪಟೆ ಮಾಡುತ್ತದೆ.

ಕರಿಮದ್ದಿನ ಮಸಿಯಲ್ಲಿರುವ ಲವಣಗಳು ಎಣ್ಣೆಗೆ ಕರಗುವುದಿಲ್ಲ, ನೀರಿಗೆ ಕರಗುತ್ತವೆ. ಬರೀ ಎಣ್ಣೆ ಹಚ್ಚಿದ ನಳಿಗೆ ಒಳಗೊಳಗೇ ತುಕ್ಕು ಹಿಡಿಯುವುದು ಅದಕ್ಕೇ. ಕಳಚಿದ ನಳಿಗೆಗೆ ಮಾತ್ರ ನೀರು ತೋರಿಸಿ, ಪೂರ್ತಿ ಒಣಗಿಸಿ, ಒಳಗೆ ತೆಳುವಾಗಿ ಎಣ್ಣೆ ಹಚ್ಚಿ. ಹೊರಗಿನ ಕಂದು ಬಣ್ಣ ಕೊಳೆಯಲ್ಲ, ಬೇಕೆಂದೇ ಬರಿಸಿದ ತುಕ್ಕಿನ ಹೊದಿಕೆ. ಉಕ್ಕಿನ ನಾರಿನಿಂದ ಉಜ್ಜಿ ಹೊಳೆಯಿಸಿದರೆ ಬೆಲೆಯ ದೊಡ್ಡ ಪಾಲು ಅಲ್ಲೇ ಉದುರುತ್ತದೆ. ಹೊಸದಾಗಿ ಎದ್ದ ಕೆಂಪು ಪುಡಿಯನ್ನು ಎಣ್ಣೆಯ ಬಟ್ಟೆಯಿಂದ ಒರೆಸಿ, ಮೇಲೆ ಮೈಕ್ರೋಕ್ರಿಸ್ಟಲೈನ್ ಮೇಣ ಹಚ್ಚಿದರೆ ಸಾಕು.

ಓಕ್ ಪೆಟ್ಟಿಗೆಯಾದರೆ ಇನ್ನೊಂದು ತೊಂದರೆ. ಆ ಮರ ಬಿಡುವ ಅಸಿಟಿಕ್ ಆಮ್ಲದ ಆವಿ ಸೀಸವನ್ನು ತಿಂದು ಗುಂಡುಗಳ ಮೇಲೆ ಬಿಳಿ ಪುಡಿ ಕಟ್ಟಿಸುತ್ತದೆ. ಅದು ವಿಷ, ಊದಬೇಡಿ, ಕೈಗವಸು ಹಾಕಿ ಎತ್ತಿ, ಗುಂಡುಗಳನ್ನು ಬೇರೆ ಮುಚ್ಚಿದ ಚೀಲದಲ್ಲಿಡಿ. ತೇವಾಂಶ ಶೇ. 45ರಿಂದ 55ರೊಳಗೆ ಏರುಪೇರಿಲ್ಲದೆ ಇರಲಿ. ತೀರ ಒಣಗಿದರೆ ಮುಚ್ಚಳ ಬಿರುಕು ಬಿಡುತ್ತದೆ.

ಬ್ರಿಟನ್ನಿನಲ್ಲಿ ಇಂಥ ಪಿಸ್ತೂಲನ್ನು ಕುತೂಹಲದ ಅಥವಾ ಅಲಂಕಾರದ ವಸ್ತುವಾಗಿ ಇಟ್ಟುಕೊಳ್ಳಲು 1968ರ ಫೈರ್‌ಆರ್ಮ್ಸ್ ಕಾಯ್ದೆಯ 58(2)ನೇ ಸೆಕ್ಷನ್ ವಿನಾಯಿತಿ ಕೊಡುತ್ತದೆ. ಹಾರಿಸಲು ಇಟ್ಟುಕೊಂಡರೆ ಆ ವಿನಾಯಿತಿ ಇಲ್ಲ, ಪರವಾನಗಿ ಬೇಕು.