ಸಭೆ ಫೋನಿನಲ್ಲಿ, ಗುಳಿಗೆ ಆಸ್ಪತ್ರೆಯಲ್ಲಿ: ಓಪಿಯಾಯ್ಡ್ ಚಟ ಬಿಟ್ಟವರಿಗೆ

ಟ್ರಮಡಾಲ್, ಟಪೆಂಟಡಾಲ್, ಕೋಡೀನ್ ಇರುವ ಕೆಮ್ಮಿನ ಸಿರಪ್, ಹೆರಾಯಿನ್. ಇವೆಲ್ಲ ಓಪಿಯಾಯ್ಡ್, ಅಂದರೆ ಅಫೀಮಿನ ಬಗೆಯವು. ಹೆಸರು ಬೇರೆ ಬೇರೆ, ಮಿದುಳಿನಲ್ಲಿ ಹಿಡಿಯುವ ಜಾಗ ಒಂದೇ. ಬಿಟ್ಟಾಗ ಬರುವ ಮೈಕೈ ನೋವು, ಭೇದಿ, ನಿದ್ದೆಗೇಡು ಬಹುಮಟ್ಟಿಗೆ ಇಳಿಯಲು ಒಂದೆರಡು ವಾರ ಸಾಕು. ಕಠಿಣವಾದದ್ದು ಅದರ ನಂತರದ ತಿಂಗಳುಗಳು. ಹಾನಗಲ್ಲಿನಿಂದಲೋ ರೋಣದಿಂದಲೋ ವಾರಕ್ಕೆರಡು ಸಲ ಕೌನ್ಸೆಲಿಂಗ್‌ಗೆಂದು ಧಾರವಾಡಕ್ಕೆ ಬರುವುದು ಕೂಲಿ ಬಿಟ್ಟು ಆಗುವ ಮಾತಲ್ಲ. ನಡುವಿನ ದಿನಗಳನ್ನು ದಾಟಿಸಲು ಫೋನ್ ಬೇಕು: ಸಹಾಯವಾಣಿಗೆ, ಚಟ ಬಿಟ್ಟವರು ಕೂಡಿ ಮಾತಾಡುವ ಆನ್‌ಲೈನ್ ಸಭೆಗೆ.

ಆದರೆ ಫೋನಿನಿಂದ ಔಷಧ ಬರುವುದಿಲ್ಲ. 2020ರ ಟೆಲಿಮೆಡಿಸಿನ್ ಮಾರ್ಗಸೂಚಿ ಪ್ರಕಾರ ಮಾದಕ ವಸ್ತುಗಳ ಕುರಿತ ಎನ್‌ಡಿಪಿಎಸ್ ಕಾಯ್ದೆಯಡಿ ಬರುವ ಔಷಧಗಳನ್ನು ವಿಡಿಯೊ ಕಾಲ್‌ನಲ್ಲಿ ಬರೆದುಕೊಡುವಂತಿಲ್ಲ. ಈ ಚಟದ ಚಿಕಿತ್ಸೆಗೆ, ಸೆಳೆತ ತಗ್ಗಿಸಲು ಕೊಡುವ ಬ್ಯುಪ್ರೆನಾರ್ಫಿನ್ ಗುಳಿಗೆ ಅದರಲ್ಲೇ ಬರುತ್ತದೆ. ಹಾಗಾಗಿ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇರಲಿ, ಜಿಲ್ಲಾಸ್ಪತ್ರೆಯ ಮನೋರೋಗ ವಿಭಾಗ ಇರಲಿ, ತಾರೀಖಿಗೆ ಸರಿಯಾಗಿ ಹೋಗಲೇಬೇಕು. ಗುಳಿಗೆ ಮುಗಿಯುವ ಮೂರು ದಿನ ಮೊದಲು ಫೋನಿನಲ್ಲಿ ಅಲಾರಂ ಇಡಿ. ಮುಗಿದ ದಿನವೇ ನೆನಪಾದರೆ ಅಂದು ಭಾನುವಾರವೋ ಹಬ್ಬವೋ ಆಗಿರುತ್ತದೆ. ನಲಾಕ್ಸೋನ್ (ಓಪಿಯಾಯ್ಡ್ ಪರಿಣಾಮ ತಡೆಯುವ ಔಷಧ) ಸೇರಿದ 2 ಮಿ.ಗ್ರಾಂ ಗುಳಿಗೆಯಾದರೆ ನಾಲಿಗೆಯ ಕೆಳಗಿಟ್ಟು ಪೂರ್ತಿ ಕರಗಲು ಬಿಡಿ, 5ರಿಂದ 10 ನಿಮಿಷ. ಅಷ್ಟು ಹೊತ್ತು ಚಹಾ ಬೇಡ, ಗುಟ್ಕಾ ಬೇಡ, ಮಾತೂ ಬೇಡ. ನುಂಗಿದರೆ ಬಹುಪಾಲು ವ್ಯರ್ಥ.

ಈಗ ಫೋನು. ಚಟದ ಸೆಳೆತ ಸಾಮಾನ್ಯವಾಗಿ 15ರಿಂದ 30 ನಿಮಿಷ ಏರಿ ಇಳಿಯುತ್ತದೆ. ಆ ಹೊತ್ತಿನಲ್ಲಿ ಲಿಂಕ್ ಹುಡುಕುವ, ಪಾಸ್‌ವರ್ಡ್ ನೆನಪಿಸಿಕೊಳ್ಳುವ ತಾಳ್ಮೆ ಯಾರಿಗೂ ಇರುವುದಿಲ್ಲ. ಎಲ್ಲವನ್ನೂ ಮೊದಲೇ ಜೋಡಿಸಿಡಬೇಕು. ಮೊದಲ ಪರದೆಯಲ್ಲಿ ನಾಲ್ಕೇ ಗುರುತು ಸಾಕು: ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ವ್ಯಸನಮುಕ್ತಿ ಸಹಾಯವಾಣಿ 14446, ಸಭೆಯ ಲಿಂಕ್, ನಂಬಿದ ಒಬ್ಬರ ನಂಬರ್. ಮಾಲು ಕೊಡುತ್ತಿದ್ದವರ ನಂಬರ್ ಬ್ಲಾಕ್ ಮಾಡಿ ಅಳಿಸಿ. ವಾಟ್ಸ್ಆ್ಯಪ್‌ನ ಹಳೆಯ ಚಾಟ್ ಉಳಿದಿದ್ದರೆ ಅಳಿಸಿದ್ದು ಅರ್ಧವೇ. 14416ರಲ್ಲಿ ಭಾಷೆ ಕೇಳಿದಾಗ ಕನ್ನಡ ಆರಿಸಿ. ಏನು ಹೇಳಬೇಕೆಂದು ತಡವರಿಸುವವರು ಇಷ್ಟನ್ನೇ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ: "ಸರ, ಗುಳಿಗಿ ಚಟಾ ಬಿಟ್ಟು ಎರಡು ತಿಂಗಳಾತ್ರಿ. ಈಗ ಮತ್ತ ತಗೊಳ್ಳೂಣು ಅನ್ಸಾಕತ್ತೈತಿ. ಒಂದರ್ಧಾ ತಾಸು ಮಾತಾಡ್ರಿ."

ನಾರ್ಕೋಟಿಕ್ಸ್ ಅನಾನಿಮಸ್, ಸ್ಮಾರ್ಟ್ ರಿಕವರಿ ಎಂಬ ಪರಸ್ಪರ ಆಸರೆಯ ಗುಂಪುಗಳೆರಡೂ ಜೂಮ್‌ನಲ್ಲಿ ಸಭೆ ನಡೆಸುತ್ತವೆ, ಶುಲ್ಕ ಇಲ್ಲ. ಕನ್ನಡದ್ದು ಸಿಗದಿದ್ದರೆ ಹಿಂದಿಯದ್ದಕ್ಕೆ ಕೂಡಿ; ಹುಬ್ಬಳ್ಳಿ ಮಂದಿಗೆ ಹಿಂದಿ ಏನು ಹೊಸದಲ್ಲ. ಸೇರುವ ಮುನ್ನ ಹೆಸರಿನ ಜಾಗದಲ್ಲಿ ಅಡ್ಡಹೆಸರು (ಮನೆತನದ ಹೆಸರು), ಊರು ಎರಡನ್ನೂ ತೆಗೆಯಿರಿ, ಹೆಸರಿನ ಮೊದಲಕ್ಷರ ಸಾಕು. ಕ್ಯಾಮೆರಾ ಆಫ್ ಇದ್ದರೆ ಯಾರೂ ಪ್ರಶ್ನಿಸುವುದಿಲ್ಲ. ವಿಡಿಯೊ ಇದ್ದರೆ ತಾಸಿಗೆ ಸುಮಾರು 1 ಜಿಬಿ ಹೋಗಬಹುದು. ಸೆಟ್ಟಿಂಗ್‌ನಲ್ಲಿ ಎದುರಿನವರ ವಿಡಿಯೊವನ್ನೂ ನಿಲ್ಲಿಸಿದರೆ ಡೇಟಾ ಬಹಳ ಉಳಿಯುತ್ತದೆ. ಕೂಡು ಕುಟುಂಬದ ಮನೆಯಲ್ಲಿ ಮಾಳಿಗೆಯೇ ಜಾಗ, ಇಯರ್‌ಫೋನ್ ಮರೆಯಬೇಡಿ. ಮೊದಲ ಎರಡು ಸಭೆ ಕೇಳಿಸಿಕೊಂಡರೆ ಸಾಕು, ಮೂರನೆಯದರಲ್ಲಿ ಎರಡು ಮಾತಾದರೂ ಆಡಿ. ತಿಂಗಳುಗಟ್ಟಲೆ ಮ್ಯೂಟ್‌ನಲ್ಲೇ ಕೂತವರು ಒಂದು ದಿನ ಸದ್ದಿಲ್ಲದೆ ಕಾಣೆಯಾಗುತ್ತಾರೆ. ನೀವು ಬರದ ದಿನ "ಯಾಕೆ ಬರಲಿಲ್ಲ" ಎಂದು ಕೇಳುವವರು ಒಬ್ಬರಾದರೂ ಬೇಕು.

ಸಮಯ ಆರಿಸುವಾಗ ನಿಮಗೆ ಪುರಸೊತ್ತಿನ ಹೊತ್ತು ನೋಡಬೇಡಿ, ಅಪಾಯದ ಹೊತ್ತು ನೋಡಿ. ಶನಿವಾರ ಬಟವಡೆ ಆಗುವವರಿಗೆ ಶನಿವಾರ ಸಂಜೆಯೇ ಸಭೆ ಇರಬೇಕು. ರಂಗಪಂಚಮಿಯ ಬಣ್ಣದಾಟದ ದಿನ ಹುಬ್ಬಳ್ಳಿಯಲ್ಲಿರುವವರು ಬೆಳಿಗ್ಗೆ ಒಂದು, ಸಂಜೆ ಒಂದು ಹಿಡಿದರೆ ಒಳ್ಳೆಯದು.

ಎಡವಟ್ಟಾಗುವ ಜಾಗಗಳಿವೆ. ಕೆಲವು ಸಭೆಗಳಲ್ಲಿ "ಗುಳಿಗೆ ತಗೊಂಡರೆ ಕ್ಲೀನ್ ಅಲ್ಲ" ಎನ್ನುವವರು ಸಿಗುತ್ತಾರೆ. ಆ ಮಾತಿಗೆ ಬ್ಯುಪ್ರೆನಾರ್ಫಿನ್ ಬಿಟ್ಟು ಮತ್ತೆ ಹಳೆ ದಾರಿ ಹಿಡಿದವರಿದ್ದಾರೆ. ಅಂಥ ಸಭೆ ಬಿಟ್ಟು ಬೇರೆಯದಕ್ಕೆ ಹೋಗಿ, ಗುಳಿಗೆ ಬಿಡಬೇಡಿ. ಟೆಲಿಗ್ರಾಂ ಗುಂಪಿನಲ್ಲಿ ಕನಿಕರ ತೋರಿಸಿ ಖಾಸಗಿಯಾಗಿ ಮೆಸೇಜ್ ಕಳಿಸುವವನು ಮಾರುವವನೇ ಇರಬಹುದು. ಇನ್ನು ಚಟ ಬಿಡಿಸುತ್ತೇವೆಂದು, ಗೊತ್ತಾಗದಂತೆ ಊಟದಲ್ಲಿ ಬೆರೆಸಿಕೊಡುವ ಪುಡಿಯ ಜಾಹೀರಾತು! ಏನಿದೆ ಎಂದೇ ತಿಳಿಯದ ಪುಡಿಯನ್ನು ಯಾರಿಗೂ ತಿನ್ನಿಸಬಾರದು. ಮನೆಯವರಿಗೆ ಆ ದುಡ್ಡಿಗಿಂತ ನಾರ್-ಅನಾನ್ ಎಂಬ ಕುಟುಂಬದವರ ಸಭೆ ಉಪಯೋಗ.

ಜಾರಿದರೆ? ಮುಚ್ಚಿಡುವುದೇ ಹೆಚ್ಚು ಕೊಲ್ಲುತ್ತದೆ. ವಾರಗಟ್ಟಲೆ ಬಿಟ್ಟ ಮೈಗೆ ಹಳೆಯ ಪ್ರಮಾಣ ತಡೆಯುವ ಶಕ್ತಿ ಉಳಿದಿರುವುದಿಲ್ಲ, ಉಸಿರೇ ನಿಲ್ಲಬಹುದು. ಜೊತೆಗೆ ಸಾರಾಯಿ ಅಥವಾ ನಿದ್ದೆ ಗುಳಿಗೆ ಸೇರಿದರೆ ಇನ್ನೂ ಅಪಾಯ. ಕಣ್ಣಪಾಪೆ ಸೂಜಿಮೊನೆಯಷ್ಟಾಗಿ, ತುಟಿ ನೀಲಿಗಟ್ಟಿ, ಉಸಿರು ನಿಧಾನವಾಗಿ ಎಬ್ಬಿಸಿದರೂ ಏಳದಿದ್ದರೆ 108ಕ್ಕೆ ಕರೆ ಮಾಡಿ. ಉಸಿರಾಡುತ್ತಿದ್ದರೆ ಒಂದು ಮಗ್ಗುಲಿಗೆ ಮಲಗಿಸಿ, ಬಾಯಿಗೆ ನೀರು, ಮಜ್ಜಿಗೆ, ಲಿಂಬೆರಸ ಹಾಕಬೇಡಿ. ಬದುಕುಳಿದ ಮರುದಿನ ಮನೆಯಲ್ಲಿ ಉಳಿದ ಬ್ಯುಪ್ರೆನಾರ್ಫಿನ್ ಅಥವಾ ನಾಲ್ಟ್ರೆಕ್ಸೋನ್ (ಓಪಿಯಾಯ್ಡ್ ಪರಿಣಾಮ ತಡೆಯುವ ಇನ್ನೊಂದು ಗುಳಿಗೆ) ತಾವಾಗಿಯೇ ಶುರು ಮಾಡಬಾರದು. ಒಳಗೆ ಇನ್ನೂ ಮಾಲು ಇದ್ದರೆ ಹತ್ತಾರು ನಿಮಿಷದಲ್ಲೇ ಭೀಕರ ವಿತ್‌ಡ್ರಾವಲ್, ಅಂದರೆ ಬಿಟ್ಟಾಗಿನ ಆ ಮೈಕೈ ನೋವು, ಭೇದಿಯ ಸಂಕಟ, ಒಮ್ಮೆಲೇ ಬರುತ್ತದೆ. ಕೊನೆಯ ಸಲ ಯಾವುದನ್ನು, ಎಷ್ಟು, ಎಷ್ಟು ಹೊತ್ತಿಗೆ ತಗೊಂಡಿರೆಂದು ಫೋನಿನಲ್ಲಿ ಬರೆದುಕೊಂಡು ಹೋಗಿ. ಡಾಕ್ಟರು ಮೊದಲು ಕೇಳುವುದು ಅದನ್ನೇ.