ಸೊಸೈಟಿ ಸಭೆಗೆ ಹೋಗುವ ಮುಂಚೆ ಅಡಾವೆ ಪತ್ರಿಕೆ ಓದೋದು ಹೇಗೆ?

ಸೆಪ್ಟೆಂಬರ್ ಬಂತೆಂದರೆ ನಮ್ಮ ಗದಗ ಸೀಮೆಯ ಊರೂರಲ್ಲೂ ಸೊಸೈಟಿಯ, ಅಂದರೆ ಕೃಷಿ ಪತ್ತಿನ ಸಹಕಾರ ಸಂಘದ, ವಾರ್ಷಿಕ ಸಭೆ. ಪ್ರತಿ ವರ್ಷ ಅದನ್ನೇ ನೋಡುತ್ತೇನೆ. ಜನ ಬರುತ್ತಾರೆ, ಹಾಜರಿ ಪುಸ್ತಕಕ್ಕೆ ಸಹಿ ಹಾಕುತ್ತಾರೆ, ಗಿರ್ಮಿಟ್ ತಿಂದು ಚಹಾ ಕುಡಿದು ಹೊರಡುತ್ತಾರೆ. ಅಡಾವೆ ಪತ್ರಿಕೆ, ಅಂದರೆ ಸೊಸೈಟಿಯ ಆಸ್ತಿ-ಸಾಲದ ಲೆಕ್ಕ, ಇರುವ ವರದಿ ಪುಸ್ತಕ ಕುರ್ಚಿ ಮೇಲೇ ಉಳಿಯುತ್ತದೆ. ನೋಡಿದರೆ ಸಂಕಟವಾಗುತ್ತದೆ. 1905ರಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿದ್ದು ಇಲ್ಲೇ ಕಣಗಿನಹಾಳದಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ. ಅಲ್ಲಿಯ ಜನರೇ ಲೆಕ್ಕ ಓದದಿದ್ದರೆ ಹೇಗೆ?

ಮೊದಲು, ವರದಿಯನ್ನು ಸಭೆಗೆ ನಾಲ್ಕು ದಿನ ಮುಂಚೆಯೇ ಕೇಳಿ ತನ್ನಿ. ನೀವು ಸದಸ್ಯರು, ಕೇಳೋಕೆ ಸಂಕೋಚ ಬೇಡ.

ಅಧ್ಯಕ್ಷರ ಭಾಷಣ, ಫೋಟೊಗಳ ಪುಟ ದಾಟಿ. ಆಡಿಟ್ ವರ್ಗ, ಅಂದರೆ ಲೆಕ್ಕ ಪರಿಶೋಧಕರು ಕೊಟ್ಟ ದರ್ಜೆ, ಎ, ಬಿ, ಸಿ, ಡಿ ಯಾವುದು ಅಂತ ನೋಡಿಕೊಳ್ಳಿ. ಆದರೆ 'ಎ' ಇದೆ ಅಂತ ಅಲ್ಲಿಗೇ ಪುಸ್ತಕ ಮುಚ್ಚಬೇಡಿ. ಡಿವಿಡೆಂಡ್ (ಶೇರಿಗೆ ಕೊಡುವ ಲಾಭದ ಪಾಲು) ಎಷ್ಟು ಅಂತ ಮಾತ್ರ ನೋಡೋದೂ ಅಂಥದ್ದೇ ತಪ್ಪು.

ಈಗ ಎಲ್ಲರೂ ಎಡವುವ ಜಾಗ: ಸುಸ್ತಿ ಸಾಲ. ಒಟ್ಟು ಹೊರಬಾಕಿ ಸಾಲ ಎಷ್ಟು, ಅದರಲ್ಲಿ ವಾಯಿದೆ ಮೀರಿದ್ದು ಎಷ್ಟು ಅಂತ ಹುಡುಕಿ. ಉದಾಹರಣೆಗೆ ಹೊರಬಾಕಿ 80 ಲಕ್ಷ, ಸುಸ್ತಿ 12 ಲಕ್ಷ ಇದ್ದರೆ ನೂರಕ್ಕೆ 15 ಆಯಿತು. ಇದನ್ನು ಹಿಂದಿನ ವರ್ಷದ ಜೊತೆ ಹೋಲಿಸಿ. ಸುಸ್ತಿ ಒಮ್ಮೆಲೇ ಇಳಿದಿದ್ದರೂ ಕೇಳಲೇಬೇಕು, ಯಾಕೆಂದರೆ ಹೊಸ ಸಾಲ ಬರೆದು ಹಳೆಯದನ್ನು ತೀರಿಸಿದಂತೆ ತೋರಿಸೋದೂ ಉಂಟು, ಹಾಗೆ ಮಾಡಿದರೆ ಕಾಗದದ ಮೇಲೆ ವಸೂಲಿ ಆಗಿರುತ್ತದೆ, ಪೆಟ್ಟಿಗೆಗೆ ರೂಪಾಯಿ ಬಂದಿರುವುದಿಲ್ಲ. ಆಮೇಲೆ 'ಬರಬೇಕಾದ ಬಡ್ಡಿ' ನೋಡಿ, ಅಂದರೆ ಆದಾಯದಲ್ಲಿ ಸೇರಿಸಿದ್ದರೂ ಇನ್ನೂ ವಸೂಲಾಗದ ಬಡ್ಡಿ. ಲಾಭ 4 ಲಕ್ಷ, ಬರಬೇಕಾದ ಬಡ್ಡಿ 6 ಲಕ್ಷ ಇದ್ದು, ಅದು ಬಾರದೇ ಹೋದರೆ ಅಂತ ದುಡ್ಡು ತೆಗೆದಿಡದೇ ಇದ್ದರೆ, ಆ ಲಾಭ ಇನ್ನೂ ಕೈಗೆ ಬಂದಿಲ್ಲ ಅಂತಲೇ ತಿಳಿಯಿರಿ.

ಇಷ್ಟು ಒತ್ತಿ ಹೇಳೋಕೆ ಕಾರಣ ಇದೆ. ಬೆಳೆ ಸಾಲದ ದುಡ್ಡು ಬಹುಪಾಲು ಸೊಸೈಟಿಯದ್ದಲ್ಲ. ನಮ್ಮ ಕಡೆ ಅದು ಸೊಸೈಟಿಗಳಿಗೆ ಸಾಲ ಕೊಡುವ ಕೇಂದ್ರ ಸಹಕಾರಿ ಬ್ಯಾಂಕಾದ ಧಾರವಾಡದ ಕೆಸಿಸಿ ಬ್ಯಾಂಕಿನಿಂದ ಬರುತ್ತದೆ. ಸುಸ್ತಿ ಬೆಳೆದರೆ ಸೊಸೈಟಿ ಬ್ಯಾಂಕಿಗೆ ಕಟ್ಟೋಕಾಗಲ್ಲ, ಮುಂದಿನ ಹಂಗಾಮಿಗೆ ಸಾಲ ಸಿಗೋದು ಕಷ್ಟ. ಆಗ ಹೆಸರು ಬಿತ್ತುವವರು ಬೀಜ, ಗೊಬ್ಬರಕ್ಕೆ ದಲಾಲಿ ಅಂಗಡಿಯಲ್ಲಿ ಕೈಗಡ ತರಬೇಕು, ಮಾಲನ್ನೂ ಅವರಿಗೇ ಹಾಕಬೇಕು. 5 ಲಕ್ಷದವರೆಗಿನ ಶೂನ್ಯ ಬಡ್ಡಿಯ ಸಾಲ ಇದ್ದೂ ಅವರಿಗೆ ಸಿಗಲಿಲ್ಲ, ಅಲ್ವಾ?

ಠೇವಣಿ ಇಟ್ಟವರಿಗೆ ಒಂದು ಮಾತು. ಸಹಕಾರಿ ಬ್ಯಾಂಕಿನ ಠೇವಣಿಗೆ 5 ಲಕ್ಷದವರೆಗೆ ವಿಮೆ ಇದೆ. ಪತ್ತಿನ ಸಂಘ, ಸೌಹಾರ್ದ ಸಂಘದ ಠೇವಣಿಗೆ ಆ ವಿಮೆ ಇಲ್ಲ. ಬಡ್ಡಿ ಜಾಸ್ತಿ ಅಂತ ನಿವೃತ್ತಿಯ ದುಡ್ಡೆಲ್ಲ ಒಂದೇ ಕಡೆ ಸುರಿಯಲೇಬೇಡಿ.

ಕೊನೆಗೆ, ಸುಸ್ತಿ ಮತ್ತು ಬರಬೇಕಾದ ಬಡ್ಡಿ ಬಗ್ಗೆ ಎರಡೇ ಪ್ರಶ್ನೆ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಹತ್ತು ಶೇರು ಇದ್ದವರಿಗೂ ಒಂದೇ ಮತ, ಒಂದು ಶೇರಿನ ನಿಮಗೂ ಒಂದೇ ಮತ. 'ಆಫೀಸಿಗೆ ಬನ್ನಿ, ಹೇಳ್ತೀವಿ' ಅಂದರೆ ಒಪ್ಪಬೇಡಿ. ಉತ್ತರ ಸಭೆಯಲ್ಲೇ ಬರಲಿ, ನಡಾವಳಿ ಪುಸ್ತಕದಲ್ಲಿ ಅದನ್ನು ಬರೆದದ್ದನ್ನು ಕಣ್ಣಾರೆ ಓದಿಯೇ ಮನೆಗೆ ಹೋಗಿ.