ನಾಯಿ ಈರುಳ್ಳಿ, ದ್ರಾಕ್ಷಿ, ಚಾಕಲೇಟ್ ತಿಂದ್ಬಿಟ್ರೆ ಮೊದ್ಲು ಏನ್ ಮಾಡ್ಬೇಕು

ನಾಯಿ ತಿನ್ನಬಾರದ್ದು ತಿಂದೈತೆ ಅಂತ ಗೊತ್ತಾದ ತಕ್ಷಣ ಉಳಿದಿದ್ದನ್ನ ಅದರ ಬಾಯಿಗೆ ಸಿಗದಂಗೆ ಎತ್ತಿಟ್ಟು, ಪ್ಯಾಕೆಟ್ ಇದ್ರೆ ಬಿಸಾಕದೆ ಕೈಲಿಟ್ಕೊಂಡು ಡಾಕ್ಟ್ರಿಗೆ ಫೋನ್ ಮಾಡ್ರಿ, ಏನು ತಿಂತು, ಎಷ್ಟು ತಿಂತು, ಯಾವಾಗ ತಿಂತು, ನಾಯಿ ತೂಕ ಎಷ್ಟು, ಇಷ್ಟು ಕೇಳೇ ಕೇಳ್ತಾರೆ. ಈಗ ಚೆನ್ನಾಗೇ ಓಡಾಡ್ತೈತಲ್ಲ, ಬೆಳಿಗ್ಗೆ ನೋಡೋಣ ಅಂತ ಮಾತ್ರ ಕೂರಬೇಡ್ರಿ.

ಇನ್ನೊಂದು, ಕೈ ಮುಗಿದು ಕೇಳ್ತೀನಿ, ಉಪ್ಪುನೀರು ಕುಡಿಸ್ಬೇಡ್ರಿ. ಅಕ್ಕಪಕ್ಕದವರು ಮೊದ್ಲು ಹೇಳೋದೇ ಅದು, ಆದ್ರೆ ರಕ್ತದಲ್ಲಿ ಸೋಡಿಯಂ ಏರಿ ನಾಯಿಗೆ ಫಿಟ್ಸ್ ಬರಬಹುದು, ಜೀವನೇ ಹೋಗಬಹುದು. ಗಂಟಲಿಗೆ ಬೆರಳು ಹಾಕೋದು, ಎಣ್ಣೆ ಹುಯ್ಯೋದು ಕೂಡ ಬೇಡ. ವಾಂತಿ ಮಾಡಿಸ್ಬೇಕೋ ಬೇಡ್ವೋ ಅಂತ ಡಾಕ್ಟ್ರೇ ಹೇಳ್ಬೇಕು, ಅದೂ ತಿಂದು ಒಂದೆರಡು ಗಂಟೆ ಒಳಗಾದ್ರೆ ಹೆಚ್ಚು ಉಪಯೋಗ, ಅದಕ್ಕೇ ಇಷ್ಟು ಅವಸರ ಮಾಡ್ತಿರೋದು.

ನಮ್ಮ ದಾವಣಗೆರೆ ಕಡೆ ನಂಗೆ ಜಾಸ್ತಿ ಭಯ ಈರುಳ್ಳಿದೇ. ಸಂಜೆ ಖಾರಾ ಮಂಡಕ್ಕಿ ತಿಂತಾ ಒಂದು ಹಿಡಿ ನಾಯಿಗೂ ಹಾಕ್ತಾರೆ, ಅದರಲ್ಲಿ ಹಸಿ ಈರುಳ್ಳಿ, ಬೆಳ್ಳುಳ್ಳಿ ಎರಡೂ ಇರ್ತವೆ. ಚಿತ್ರದುರ್ಗ, ಚಳ್ಳಕೆರೆ ಕಡೆ ಮನೇಲೇ ಚೀಲಗಟ್ಲೆ ಈರುಳ್ಳಿ ಬಿದ್ದಿರುತ್ತೆ. ಬೇಯಿಸಿದ್ರೂ ಹುರಿದ್ರೂ ಅದರ ವಿಷ ಹೋಗಲ್ಲ, 10 ಕೆಜಿ ನಾಯಿ 150 ಗ್ರಾಂ ತಿಂದ್ರೆ ಕೆಂಪು ರಕ್ತಕಣ ಒಡೆದು ಹೋಗೋಕೆ ಸಾಕು, ಕೆಲವಕ್ಕೆ ಅದಕ್ಕಿಂತ ಕಮ್ಮಿಗೂ ಆಗುತ್ತೆ.

ದ್ರಾಕ್ಷಿ, ಪಾಯಸದ ಒಣದ್ರಾಕ್ಷಿಗೆ ಇಷ್ಟು ತಿಂದ್ರೆ ಪರವಾಗಿಲ್ಲ ಅನ್ನೋ ಅಳತೆನೇ ಇಲ್ಲ, ಒಂದರಿಂದ ಮೂರು ದಿನದಲ್ಲಿ ಕಿಡ್ನಿ ಕೈ ಕೊಡಬಹುದು. ಅದರಲ್ಲಿರೋ ಟಾರ್ಟಾರಿಕ್ ಆಮ್ಲ ಹುಣಸೆಹಣ್ಣಲ್ಲೂ ಐತೆ, ಅದನ್ನೂ ದೂರ ಇಡ್ರಿ. ಚಾಕಲೇಟಲ್ಲಿ ಡಾರ್ಕ್ ಇದ್ದಷ್ಟೂ ಅಪಾಯ, ಎದೆ ಜೋರಾಗಿ ಹೊಡ್ಕೊಳ್ಳುತ್ತೆ, ನಡುಕ ಬರುತ್ತೆ. ಶುಗರ್ ಫ್ರೀ ಚ್ಯೂಯಿಂಗ್ ಗಮ್ ತಿಂದಿದ್ರೆ ಪ್ಯಾಕೆಟ್ ಮೇಲೆ ಕ್ಸೈಲಿಟಾಲ್ (ಸಕ್ಕರೆ ಬದಲು ಹಾಕೋ ಸಿಹಿ) ಅಂತ ಐತಾ ನೋಡ್ರಿ, ಇದ್ರೆ ಅರ್ಧ ಗಂಟೇಲೇ ನಾಯಿ ರಕ್ತದಲ್ಲಿ ಶುಗರ್ ಬಿದ್ದುಹೋಗಬಹುದು, ಫೋನಲ್ಲಿ ಮಾತಾಡ್ತಾನೇ ಗಾಡಿ ಹತ್ತಿಸ್ರಿ.

ಪಶು ಸಂಜೀವಿನಿ ಸಹಾಯವಾಣಿ 1962 ಐತೆ, ಆದ್ರೆ ಅದು ಹೆಚ್ಚಾಗಿ ದನಕರುಗೆ ಅಂತ ಮಾಡಿರೋದು, ಅದಕ್ಕೆ ರಾತ್ರಿ ಫೋನ್ ಎತ್ತೋ ಡಾಕ್ಟ್ರು ಯಾರಿದ್ದಾರೆ ಅಂತ ಇವತ್ತೇ ಕೇಳಿ ನಂಬರ್ ಸೇವ್ ಮಾಡ್ಕೊಳ್ರಿ.

ಈರುಳ್ಳಿ ತಿಂದಿದ್ರೆ ಒಂದು ವಾರ ದಿನಾ ತುಟಿ ಎತ್ತಿ ಒಸಡು ನೋಡ್ರಿ, ಬಿಳಿಚ್ಕೊಂಡಿದ್ರೆ ಇಲ್ಲ ಉಚ್ಚೆ ಕಾಫಿ ಬಣ್ಣಕ್ಕೆ ತಿರುಗಿದ್ರೆ ಅವತ್ತೇ ಕರ್ಕೊಂಡೋಗಿ ರಕ್ತ ಟೆಸ್ಟ್ ಮಾಡಿಸ್ರಿ.